ಎನ್14 ಎಂಜಿನ್ ಇರುವ 2008ರ ಕೂಪರ್ ಎಸ್: ತಗೊಳ್ಳಲಾ, ಬಿಡಲಾ?

ತಿರುವಿನದಾರಿ:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಕಾರು ತಲೆಯಲ್ಲೇ ಕೂತಿದೆ. 2008ರ ಮಿನಿ ಕೂಪರ್ ಎಸ್, ಆರು ಗೇರಿನ ಮ್ಯಾನ್ಯುಯಲ್, ಓಡಿರುವುದು 1,14,000 ಕಿ.ಮೀ. ತಗೊಂಡರೆ ನಾನು ಮೂರನೇ ಓನರ್. ಬಾಡಿ ಚೊಕ್ಕವಾಗಿದೆ, ಸೀಟು ಎಲ್ಲೂ ಹರಿದಿಲ್ಲ. ಓಡಿಸಿ ನೋಡಿದೆ. 1,600 ಆರ್‌ಪಿಎಂ ದಾಟಿದ್ದೇ ತಡ, ಯಾರೋ ಬೆನ್ನಿಗೆ ಕೈಕೊಟ್ಟು ನೂಕಿದ ಹಾಗೆ ಎಳೆಯುತ್ತೆ. ತಿರುವಿನಲ್ಲಿ ಸ್ಟಿಯರಿಂಗ್ ಎಷ್ಟು ತಿರುಗಿಸಿದೆನೋ ಮೂತಿ ಅಷ್ಟೇ ತಿರುಗಿತು, ಒಂಚೂರೂ ತಡವರಿಸಲಿಲ್ಲ. ಇಷ್ಟು ವರ್ಷ ಓಡಿಸಿದ ಯಾವ ಕಾರಿನಲ್ಲೂ ನನಗೆ ಈ ಖುಷಿ ಸಿಕ್ಕಿರಲಿಲ್ಲ.

ಆದರೆ ಇದರ 1.6 ಲೀಟರ್ ಟರ್ಬೊ ಎಂಜಿನ್ ಎನ್14 ಅನ್ನೋದು. ಅದರ ಬಗ್ಗೆ ಓದಿದಷ್ಟೂ ಭಯ ಜಾಸ್ತಿಯಾಗ್ತಿದೆ. ಟೈಮಿಂಗ್ ಚೈನ್, ಹೈ ಪ್ರೆಶರ್ ಫ್ಯುಯೆಲ್ ಪಂಪ್, ವಾಲ್ವ್ ಮೇಲೆ ಕಾರ್ಬನ್, ಆಯಿಲ್ ಕುಡಿಯೋದು, ಥರ್ಮೋಸ್ಟಾಟ್ ಹೌಸಿಂಗ್ ಸೋರೋದು, ಪಟ್ಟಿ ಮುಗಿಯೋದೇ ಇಲ್ಲ. ಮಾರುತ್ತಿರುವವರು ವಯಸ್ಸಾದವರು, ಸಮಾಧಾನವಾಗಿ ಮಾತಾಡಿದರು. ನಾನು ಹೋಗುವಷ್ಟರಲ್ಲಿ ಕಾರು ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರು. ಎಲ್ಲಾ ಸರ್ವಿಸೂ ಡಿಸ್‌ಪ್ಲೇಯಲ್ಲಿ ತೋರಿಸಿದ ಟೈಮಿಗೇ ಮಾಡಿಸಿದ್ದೀನಿ ಅಂದರು.

ಕೂಡಿಟ್ಟ ದುಡ್ಡಿನಲ್ಲಿ ಹೆಚ್ಚುಕಡಿಮೆ ಎಲ್ಲಾ ಕಾರಿಗೇ ಹೋಗುತ್ತೆ. ರಿಪೇರಿಗೆ ಅಂತ ಉಳಿಯೋದು ಕಾರಿನ ಬೆಲೆಯ ಹತ್ತನೇ ಒಂದು ಭಾಗ. ನನ್ನ ಹತ್ತಿರ ಬೇರೆ ಕಾರಿಲ್ಲ, ದಿನಾ ಕೆಲಸಕ್ಕೂ ಇದೇ. ತಿಳಿದವರು ದಯವಿಟ್ಟು ಹೇಳಿ.

ನಾಲ್ಕುಸಿಲಿಂಡರ್:

ಎನ್14 ಬೇಡ. ಸ್ವಲ್ಪ ಕಾದು, 2010ರ ಫೇಸ್‌ಲಿಫ್ಟ್ ನಂತರ ಬಂದ ಎನ್18 ಎಂಜಿನ್‌ನ ಗಾಡಿ ಹುಡುಕಿ. 175 ಎಚ್‌ಪಿ ಬದಲು 184, ವಾಲ್ವ್ ಎಷ್ಟು ತೆರೆಯಬೇಕು ಅಂತ ತಾನೇ ಹೊಂದಿಸುವ ವಾಲ್ವ್‌ಟ್ರಾನಿಕ್ ಬಂತು, ಎನ್14ರ ತಪ್ಪುಗಳನ್ನೂ ಎಷ್ಟೋ ತಿದ್ದಿದ್ದಾರೆ.

ಹಳೇಸ್ಪ್ಯಾನರ್:

ತಮ್ಮಾ, ನೀನು ಬರೆದದ್ದರಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ಕಡೆ. "ಬಿಸಿ ಮಾಡಿಟ್ಟಿದ್ದರು." ಈ ಎಂಜಿನ್ ತನ್ನ ಕಾಯಿಲೆ ಹೇಳಿಕೊಳ್ಳೋದು ದಿನಕ್ಕೆ ಒಂದೇ ಸಲ, ರಾತ್ರಿಯೆಲ್ಲಾ ನಿಂತು ತಣ್ಣಗಾಗಿ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಆದಾಗ. ಆ ಐದು ಸೆಕೆಂಡು ನೀನು ಕೇಳಿಸಿಕೊಂಡಿಲ್ಲ ಅಂದರೆ ಕಾರು ನೋಡಿದ್ದೀಯ, ಎಂಜಿನ್ ನೋಡಿಲ್ಲ.

ಯಾಕೆ ಅಂತ ಹೇಳ್ತೀನಿ. ವಾಲ್ವ್, ಪಿಸ್ಟನ್ ಎರಡೂ ತಾಳ ತಪ್ಪದ ಹಾಗೆ ಓಡಿಸೋದು ಟೈಮಿಂಗ್ ಚೈನ್. ಅದನ್ನು ಬಿಗಿಯಾಗಿ ಹಿಡಿಯೋದು ಒಂದು ಹೈಡ್ರಾಲಿಕ್ ಟೆನ್ಷನರ್. ಅದರ ಬಲ ಬರೋದು ಎಂಜಿನ್ ಆಯಿಲಿನ ಪ್ರೆಶರ್‌ನಿಂದ. ಗಾಡಿ ರಾತ್ರಿ ನಿಂತಾಗ ಟೆನ್ಷನರ್ ಒಳಗಿನ ಆಯಿಲ್ ಇಳಿದುಹೋಗುತ್ತೆ. ಬೆಳಿಗ್ಗೆ ಪಂಪ್ ಪ್ರೆಶರ್ ಕಟ್ಟುವವರೆಗೆ ಚೈನ್ ಸಡಿಲವಾಗಿ ಪ್ಲಾಸ್ಟಿಕ್ ಗೈಡ್‌ಗಳಿಗೆ ಬಡಿಯುತ್ತೆ. ಆಗ ಬರೋದೇ ಆ ಗಲಗಲ ಸದ್ದು. ಶುರುವಿನ ಟೆನ್ಷನರ್ ಸಾಲದೆ ಕಂಪನಿಯವರೇ ಆಮೇಲೆ ಬದಲಾಯಿಸಿದ್ದನ್ನು ತಂದರು. ಸದ್ದು ಕೇಳಿದ ತಕ್ಷಣ ಹೊಸ ಟೆನ್ಷನರ್ ಹಾಕಿಸಿದರೆ ಎಷ್ಟೋ ಗಾಡಿಗಳು ಅಲ್ಲಿಗೇ ಸರಿಹೋಗ್ತವೆ. ಕೇಳಿಯೂ ಕೇಳದ ಹಾಗೆ ಓಡಿಸಿದರೆ ಚೈನ್ ಉದ್ದವಾಗುತ್ತೆ, ಗೈಡ್ ಮುರಿದು ತುಂಡುಗಳು ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ ಬೀಳ್ತವೆ, ಅಲ್ಲಿ ಆಯಿಲ್ ಪಂಪಿನ ಜರಡಿಗೆ ಹೋಗಿ ಅಂಟಿಕೊಳ್ತವೆ. ಕೊನೆಗೆ ಚೈನ್ ಹಲ್ಲು ಹಾರಿತು ಅನ್ನು, ಪಿಸ್ಟನ್ ಮೇಲೆ ಬರುವಾಗ ವಾಲ್ವ್ ಕೆಳಗೇ ಇರುತ್ತೆ. ಎರಡೂ ಬಡಿದುಕೊಂಡ ಮೇಲೆ ರಿಪೇರಿ ಅನ್ನೋ ಮಾತಿಲ್ಲ, ಹೆಡ್ ಇಳಿಸಬೇಕು.

ಅಳೆಯೋ ದಾರಿ ಇದೆ. ಟೆನ್ಷನರ್ ಬಿಚ್ಚಿ ಅದರ ಜಾಗಕ್ಕೆ ಅಳತೆಯ ಟೂಲ್ ಹಾಕಿ, ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ ನೋಡ್ತಾರೆ. 68 ಮಿ.ಮೀ. ಒಳಗಿದ್ದರೆ ಟೆನ್ಷನರ್ ಬದಲಾಯಿಸಿದರೆ ಸಾಕು. ಅದಕ್ಕಿಂತ ಜಾಸ್ತಿ ಬಂದರೆ ಚೈನ್, ಗೈಡ್ ಎಲ್ಲಾ ಹೊಸದು. ಈ ಎಂಜಿನ್ ಗೊತ್ತಿರೋ ಮೆಕ್ಯಾನಿಕ್‌ಗೆ ಇದು ದೊಡ್ಡ ಕೆಲಸ ಅಲ್ಲ. ಮಾರುವವರು ಬೇಡ ಅಂದರೆ ಆ ಮಾತನ್ನೇ ಉತ್ತರ ಅಂತ ತಿಳಕೋ.

ಇನ್ನೊಮ್ಮೆ ಹೋಗು. ಮುಂಚೆಯೇ ಫೋನ್ ಮಾಡಿ, ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಹೇಳು. ಹೋದ ತಕ್ಷಣ ಮೊದಲು ಬಾನೆಟ್ ಮೇಲೆ ಕೈ ಇಟ್ಟು ನೋಡು.

ಸಂಜೆಸವಾರಿ:

ನನ್ನ ಹತ್ತಿರ ಇದೇ ಎಂಜಿನ್‌ನ 2009ರ ಗಾಡಿ ಇದೆ, ಆರು ವರ್ಷ ಆಯ್ತು. ಭಯ ಹುಟ್ಟಿಸುವ ಮಾತೇ ಎಲ್ಲಾ ಕಡೆ ಇರೋದರಿಂದ ಇದನ್ನೂ ಬರೀತೀನಿ. ಚೆನ್ನಾಗಿದೆ. ಇವತ್ತಿಗೂ ಅದರಲ್ಲಿ ಕೂತಾಗ ಸುಮ್ಮನೆ ಒಂದು ಸುತ್ತು ಜಾಸ್ತಿ ಹೊಡೆದು ಬರೋಣ ಅನಿಸುತ್ತೆ.

ಆದರೆ ನಾನು ಅದನ್ನು ಹೇಗೆ ನೋಡಿಕೊಳ್ತೀನಿ ಅಂತಲೂ ಹೇಳಬೇಕು. ಕಂಪ್ಯೂಟರ್ ಆಯಿಲ್ ಬದಲಾಯಿಸಲು ಹೇಳೋದು ಸುಮಾರು 30,000 ಕಿ.ಮೀ.ಗೆ ಅಥವಾ ಎರಡು ವರ್ಷಕ್ಕೆ. ನಾನು 8,000ಕ್ಕೇ ಬದಲಾಯಿಸ್ತೀನಿ. ಪ್ರತಿ ಭಾನುವಾರ ಡಿಪ್‌ಸ್ಟಿಕ್ ತೆಗೆದು ನೋಡ್ತೀನಿ. ಈ ಎಂಜಿನ್ ಹಿಡಿಯೋದೇ 4.2 ಲೀಟರ್. ಡಿಪ್‌ಸ್ಟಿಕ್‌ನ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ಹತ್ತಿರ ಹತ್ತಿರ ಒಂದು ಲೀಟರ್ ವ್ಯತ್ಯಾಸ. ಕೆಳಗಿನ ಗುರುತಿಗೆ ಬಂತು ಅಂದರೆ ಕಾಲು ಭಾಗ ಆಯಿಲ್ ಆಗಲೇ ಇಲ್ಲ ಅಂತ ಅರ್ಥ. ಓಡಿಸಿ ನಿಲ್ಲಿಸಿದ ಮೇಲೆ ಟರ್ಬೊ ತಣ್ಣಗಾಗಲಿ ಅಂತ ಒಂದು ನಿಮಿಷ ಐಡಲ್‌ನಲ್ಲಿ ಬಿಡ್ತೀನಿ, ಟರ್ಬೊಗೆ ಆಯಿಲ್ ಹೋಗುವ ಪೈಪ್ ಆ ಕಾವಿಗೆ ಒಣಗಿ ಸೋರೋದು ಇದರಲ್ಲಿ ಮಾಮೂಲಿ.

ಇಷ್ಟು ಮಾಡೋಕೆ ನಿಮಗೆ ಬೇಜಾರಿಲ್ಲ ಅಂದರೆ ಕಾರು ನಿಮ್ಮ ಕೈ ಹಿಡಿಯುತ್ತೆ. ಆದರೆ ನಿಮಗಿಂತ ಮುಂಚೆ ಇದ್ದ ಇಬ್ಬರು ಇದನ್ನು ಮಾಡಿದ್ದಾರಾ ಅನ್ನೋದು ಮುಖ್ಯ.

ತಿರುವಿನದಾರಿ:

ಅಣ್ಣ, ತುಂಬಾ ಥ್ಯಾಂಕ್ಸ್. ನಾನು ಡಿಪ್‌ಸ್ಟಿಕ್ ನೋಡಲೇ ಇಲ್ಲ. ಓಡಿಸಿದ ಖುಷಿಯಲ್ಲಿ ಮರೆತೇ ಹೋಯ್ತು. ಮತ್ತೆ, "ಡಿಸ್‌ಪ್ಲೇಯಲ್ಲಿ ತೋರಿಸಿದ ಟೈಮಿಗೆ ಸರ್ವಿಸ್" ಅಂದರೆ 30,000ಕ್ಕೆ ಒಂದು ಸಲ ಅಂತ ಇರಬಹುದಾ? ಅದನ್ನು ಕೇಳಿದಾಗ ಒಳ್ಳೆಯ ಸುದ್ದಿ ಅಂದುಕೊಂಡಿದ್ದೆ.

ಅಳತೆಗೋಲು:

ಅದೇ ಇರಬೇಕು. ಕೇಳುವಾಗ ಶಿಸ್ತಿನ ಸರ್ವಿಸ್ ಅನಿಸುತ್ತೆ, ಈ ಎಂಜಿನ್‌ಗೆ ಅದು ಬಹಳ ದೀರ್ಘ. ಇದರ ಆಯಿಲ್ ತೊಂದರೆ, ಚೈನ್ ತೊಂದರೆ ಅಂತ ಬೇರೆ ಬೇರೆಯಾಗಿ ಬರೆಯೋದನ್ನು ಓದಿದಾಗಲೆಲ್ಲ ನನಗೆ ಕಿರಿಕಿರಿ. ಎರಡೂ ಒಂದೇ ತೊಂದರೆ. ಎಂಜಿನ್ ಆಯಿಲ್ ಕುಡಿಯುತ್ತೆ, ಓನರ್ ನೋಡಲ್ಲ, ಲೆವೆಲ್ ಇಳಿಯುತ್ತೆ, ಉಳಿದ ಸ್ವಲ್ಪ ಆಯಿಲ್ ಬೇಗ ಹಾಳಾಗುತ್ತೆ, ಟೆನ್ಷನರ್‌ಗೆ ಪ್ರೆಶರ್ ಸಾಲಲ್ಲ, ಚೈನ್ ಸವೆಯುತ್ತೆ.

ಇದು ಕೆಟ್ಟ ಎಂಜಿನ್ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವವರಿಗೆ ಇನ್ನೊಂದು ವಿಷಯ. ಬಿಎಂಡಬ್ಲ್ಯು ಮತ್ತು ಪಿಎಸ್‌ಎ (ಪ್ಯೂಜೋ, ಸಿಟ್ರೋಎನ್‌ಗಳ ಕಂಪನಿ) ಸೇರಿ ಮಾಡಿದ ಈ 1.6 ಲೀಟರ್ ಟರ್ಬೊ 'ಇಂಟರ್‌ನ್ಯಾಷನಲ್ ಎಂಜಿನ್ ಆಫ್ ದಿ ಇಯರ್'ನಲ್ಲಿ 1.4ರಿಂದ 1.8 ಲೀಟರ್ ವರ್ಗವನ್ನು 2007ರಿಂದ 2014ರವರೆಗೆ ಸತತ ಎಂಟು ವರ್ಷ ಗೆದ್ದಿದೆ. ಪ್ಯೂಜೋ ಆರ್‌ಸಿಝಡ್‌ನಲ್ಲೂ ಸಿಟ್ರೋಎನ್ ಡಿಎಸ್3 ರೇಸಿಂಗ್‌ನಲ್ಲೂ ಇದೇ ಕುಟುಂಬದ ಎಂಜಿನ್. ಆ ಬಹುಮಾನ ಹೊಸ ಎಂಜಿನ್ ಹೇಗೆ ಓಡುತ್ತೆ ಅನ್ನೋದಕ್ಕೆ ಕೊಟ್ಟದ್ದು, ಹತ್ತು ವರ್ಷದ ನಂತರ ಹೇಗಿರುತ್ತೆ ಅನ್ನೋದಕ್ಕಲ್ಲ. ನಿಮಗೆ ಓಡಿಸುವಾಗ ಆದ ಖುಷಿ ಸುಳ್ಳಲ್ಲ, ಓದುವಾಗ ಆದ ಭಯವೂ ಸುಳ್ಳಲ್ಲ.

ಕಾರ್ಬನ್ ವಿಷಯ: ಇದು ಡೈರೆಕ್ಟ್ ಇಂಜೆಕ್ಷನ್, ಪೆಟ್ರೋಲ್ ನೇರ ಸಿಲಿಂಡರಿಗೇ ಬೀಳುತ್ತೆ. ಹಳೇ ಥರದ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್‌ನ ಬೆನ್ನನ್ನು ಪೆಟ್ರೋಲೇ ತೊಳೀತಿತ್ತು, ಇಲ್ಲಿ ತೊಳೆಯೋದಕ್ಕೆ ಏನೂ ಇಲ್ಲ. ಕ್ರ್ಯಾಂಕ್‌ಕೇಸಿನಿಂದ ಬರುವ ಆಯಿಲ್ ಆವಿ ವಾಲ್ವ್ ಮೇಲೆ ಸುಟ್ಟು ಮಸಿಯಾಗಿ ಗಟ್ಟಿಯಾಗುತ್ತೆ. ತಣ್ಣಗಿರುವಾಗ ಐಡಲ್ ನಡುಗೋದು, ಮಿಸ್‌ಫೈರ್, ಪಿಕಪ್ ಕಮ್ಮಿಯಾಗೋದು ಇದರ ಲಕ್ಷಣ. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ಕ್ಲೀನ್ ಮಾಡ್ತಾರೆ. ಇದಕ್ಕೆ ಹೆದರಬೇಡಿ. ಖರ್ಚು ಇಷ್ಟು ಅಂತ ಮುಂಚೆಯೇ ಗೊತ್ತಾಗುವ ಕೆಲಸ.

ನಾನು ಹೆದರೋದು ಪಿಸ್ಟನ್ ರಿಂಗ್‌ಗಳಿಗೆ, ಅಂದರೆ ಪಿಸ್ಟನ್ ಸುತ್ತ ಗಾಳಿ, ಆಯಿಲ್ ದಾಟದ ಹಾಗೆ ತಡೆಯುವ ಬಳೆಗಳಿಗೆ. ಆದ್ದರಿಂದ ಲೀಕ್‌ಡೌನ್ ಟೆಸ್ಟ್ ಮಾಡಿಸಿ. ಬರೀ ಕಂಪ್ರೆಷನ್ ನೋಡಿದರೆ ಒತ್ತಡ ಕಮ್ಮಿ ಅಂತ ಗೊತ್ತಾಗುತ್ತೆ, ಎಲ್ಲಿಂದ ಹೋಗ್ತಿದೆ ಅಂತ ಗೊತ್ತಾಗಲ್ಲ. ಲೀಕ್‌ಡೌನ್‌ನಲ್ಲಿ ಪಿಸ್ಟನ್ ಮೇಲಿಟ್ಟು, ಸ್ಪಾರ್ಕ್ ಪ್ಲಗ್ ತೂತಿನಿಂದ ಗಾಳಿ ತುಂಬಿ ಎಷ್ಟು ಸೋರುತ್ತೆ ನೋಡ್ತಾರೆ. ಶೇ. 10ರ ಒಳಗಿದ್ದರೆ ನೆಮ್ಮದಿ, 20 ದಾಟಿದರೆ ಯೋಚಿಸಬೇಕು. ಗಾಳಿಯ ಸದ್ದು ಸೈಲೆನ್ಸರ್ ಕಡೆ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಕೇಳಿದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಮುಚ್ಚಳದ ಹತ್ತಿರ ಕೇಳಿದರೆ ರಿಂಗ್.

ಕಾರಿನ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ಓದುವ ಒಂದು ಓಬಿಡಿ ಸ್ಕ್ಯಾನರ್ ಕೂಡ ಜೇಬಿನಲ್ಲಿ ಇಟ್ಟುಕೊಳ್ಳಿ. ಕೋಡ್ ಇಲ್ಲ ಅಂತ ಬಂದರೆ ಸಮಾಧಾನಪಡಬೇಡಿ, ರೆಡಿನೆಸ್ ಮಾನಿಟರ್ ನೋಡಿ, ಕಾರು ತನ್ನ ಪರೀಕ್ಷೆಗಳನ್ನು ತಾನೇ ಮುಗಿಸಿದೆಯಾ ಅಂತ ಅವು ಹೇಳ್ತವೆ. ಅವು ಅಪೂರ್ಣ ಅಂತ ತೋರಿಸಿದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ತೆಗೆದಿದ್ದಾರೆ. ಪಿ0087 ಬಂದರೆ ಫ್ಯುಯೆಲ್ ಪ್ರೆಶರ್ ಸಾಲ್ತಿಲ್ಲ ಅಂತ, ಹೈ ಪ್ರೆಶರ್ ಪಂಪ್ ಮೇಲೆ ಅನುಮಾನ ಇಡಿ. ಪಿ0301ರಿಂದ ಪಿ0304ರವರೆಗಿನವು ಯಾವ ಸಿಲಿಂಡರ್ ಮಿಸ್ ಆಗ್ತಿದೆ ಅಂತ ಹೇಳ್ತವೆ.

ಕೆಂಪುಗೆರೆ:

ಇಷ್ಟೆಲ್ಲಾ ಯೋಚಿಸಿದರೆ ಯಾರೂ ಯಾವ ಒಳ್ಳೆಯ ಕಾರನ್ನೂ ತಗೊಳ್ಳಲ್ಲ. ಇನ್ನು ಹತ್ತು ವರ್ಷದಲ್ಲಿ ಇಂಥ ಚಿಕ್ಕ, ಹಗುರ, ಕ್ಲಚ್ ಇರುವ ಪೆಟ್ರೋಲ್ ಗಾಡಿಗಳು ನೋಡೋಕೂ ಸಿಗಲ್ಲ. ಮನಸ್ಸಿಗೆ ಹಿಡಿಸಿದ್ದನ್ನು ಈಗಲೇ ತಗೊಳ್ಳಿ, ಬಂದದ್ದನ್ನು ಆಮೇಲೆ ನೋಡಿಕೊಳ್ಳೋಣ.

ಮಳೆಗಾಲ:

ಕೆಂಪುಗೆರೆ ಅವರ ಮಾತು ನನಗೂ ಇಷ್ಟವೇ, ಹಿಂದೊಮ್ಮೆ ನಾನೂ ಹಾಗೇ ಮಾಡಿದ್ದೆ. ಬೇರೊಂದು ಟರ್ಬೊ ಹ್ಯಾಚ್‌ಬ್ಯಾಕ್, ಹೆಸರು ಬೇಡ. ಸಣ್ಣ ಸದ್ದಿದೆ ಅಂತ ಗೊತ್ತಿದ್ದೂ ತಗೊಂಡೆ, ಆಮೇಲೆ ನೋಡೋಣ ಅಂತ. ಆ "ಆಮೇಲೆ" ಬಂದದ್ದು ಐದನೇ ತಿಂಗಳಲ್ಲಿ, ನನ್ನ ಹತ್ತಿರ ದುಡ್ಡಿಲ್ಲದಾಗ. ಎಂಜಿನ್ ಬಿಚ್ಚಿದ ಗಾಡಿ ನಾಲ್ಕು ತಿಂಗಳು ಗ್ಯಾರೇಜಿನ ಮೂಲೆಯಲ್ಲಿ ನಿಂತಿತ್ತು. ದಿನಾ ಬಸ್ಸಿನಲ್ಲಿ ಅದರ ಮುಂದೆಯೇ ಹೋಗ್ತಿದ್ದೆ. ಮೊದಮೊದಲು ಕಿಟಕಿಯಿಂದ ನೋಡ್ತಿದ್ದೆ, ಕೊನೆಕೊನೆಗೆ ಆ ಕಡೆ ಕೂರೋದನ್ನೇ ಬಿಟ್ಟೆ. ಅಷ್ಟು ಪ್ರೀತಿಸಿದ ಕಾರನ್ನು ಕಂಡರೆ ಸಿಟ್ಟು ಬರೋ ಹಾಗಾಯ್ತು, ಅದು ನನಗೆ ದುಡ್ಡು ಹೋದದ್ದಕ್ಕಿಂತ ನೋವು ಕೊಟ್ಟಿತು.

ತಿರುವಿನದಾರಿ ಅವರೇ, ನೀವು ಬರೆದ ಮೊದಲ ಪೋಸ್ಟಿನಲ್ಲಿ ಎಂಜಿನ್‌ಗಿಂತ ನನಗೆ ಚಿಂತೆ ಆದದ್ದು ಕೊನೆಯ ಸಾಲುಗಳು. ಬೇರೆ ಕಾರಿಲ್ಲ, ಉಳಿಯೋದು ಹತ್ತನೇ ಒಂದು ಭಾಗ. ಇದೇ ಗಾಡಿಯನ್ನು ಎರಡನೇ ಕಾರಾಗಿ ಇಟ್ಟುಕೊಳ್ಳುವವರಿಗೆ ನಾನು ಧೈರ್ಯ ಹೇಳ್ತಿದ್ದೆ. ನಿಮಗಾದರೆ ಕಾರಿನ ಬೆಲೆಯ ಮೂರನೇ ಒಂದು ಭಾಗವನ್ನಾದರೂ ಮುಟ್ಟದೆ ಇಟ್ಟುಕೊಳ್ಳಿ ಅಂತೀನಿ. ಅದಕ್ಕೆ ಇನ್ನೊಂದು ವರ್ಷ ಬೇಕಾದರೆ ಕಾಯಿರಿ.

ಕಾಗದಪತ್ರ:

ಫೈಲ್ ಕೇಳಿ, ಪೂರ್ತಿ ಫೈಲ್. ಬಾಯಿಮಾತಲ್ಲ, ಬಿಲ್. "ಚೈನ್ ಬದಲಾಯಿಸಿದೆ" ಅಂದರೆ ಯಾವ ಪಾರ್ಟ್ ಹಾಕಿದರು, ಎಷ್ಟು ಕಿ.ಮೀ.ಗೆ, ಗೈಡ್ ಸೇರಿತ್ತಾ, ಟೆನ್ಷನರ್ ಹೊಸ ಥರದ್ದಾ?

ಗೊತ್ತಿರುವ ತೊಂದರೆ ಇದ್ದ ಮಾತ್ರಕ್ಕೆ ಕಾರು ಬಿಡಬೇಕಾಗಿಲ್ಲ. ಫೋರ್ಡ್ ಫೋಕಸ್ ಆರ್‌ಎಸ್ ನೋಡಿ. 2016, 2017ರ ಗಾಡಿಗಳಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಕಮ್ಮಿಯಾಗೋದು, ತಣ್ಣಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರೋದು ಶುರುವಾಯ್ತು. 2018ರ ಜನವರಿಯಲ್ಲಿ ಕಂಪನಿಯೇ ಒಪ್ಪಿ ಉಚಿತವಾಗಿ ಗ್ಯಾಸ್ಕೆಟ್ ಬದಲಾಯಿಸಿಕೊಡೋದಕ್ಕೆ ಮುಂದೆ ಬಂತು, ಬೇಕಾದ ಕಡೆ ಹೆಡ್ ಕೂಡ. ಇವತ್ತು ಆ ಕಾರು ನೋಡಲು ಹೋದವರು ಮೊದಲು ಕೇಳೋದು ಆ ಕೆಲಸ ಆದದ್ದಕ್ಕೆ ದಾಖಲೆ. ಇದ್ದರೆ ಆ ಒಂದು ಚಿಂತೆ ಕಳೆಯುತ್ತೆ.

ನಿಮ್ಮ ಗಾಡಿಗೂ ಅಂಥದ್ದೊಂದಿದೆ. ಟರ್ಬೊ ತಣ್ಣಗೆ ಮಾಡುವ ಎಲೆಕ್ಟ್ರಿಕ್ ನೀರಿನ ಪಂಪಿನ ಸರ್ಕ್ಯೂಟ್ ಬೋರ್ಡ್ ಬಿಸಿಯಾಗಿ ಬೆಂಕಿ ಹತ್ತಬಹುದು ಅಂತ 2012ರ ಜನವರಿಯಲ್ಲಿ ಪ್ರಪಂಚದಾದ್ಯಂತ ಸುಮಾರು 2.35 ಲಕ್ಷ ಮಿನಿಗಳನ್ನು ವಾಪಸ್ ಕರೆಸಿದ್ದರು. ಛಾಸಿ ನಂಬರ್ ಕೊಟ್ಟು ಆ ಪಂಪ್ ಬದಲಾಗಿದೆಯಾ ಅಂತ ವಿಚಾರಿಸಿ. ಮರೆಯಬೇಡಿ.

ಹಳೇಸ್ಪ್ಯಾನರ್:

ಕಾಗದಪತ್ರ ಹೇಳಿದ್ದು ಸರಿ. ಹೊಗೆ ಬಗ್ಗೆಯೂ ಒಂದು ಮಾತು. ಬಿಸಿಯಾದ ಮೇಲೆ ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು, ಆಮೇಲೆ ಒಂದೇ ಸಲ ಆಕ್ಸಿಲರೇಟರ್ ಒತ್ತು. ಹಿಂದೆ ಒಬ್ಬರು ನಿಂತು ನೋಡಲಿ. ನೀಲಿ ಹೊಗೆ ಬಂದರೆ ಆಯಿಲ್ ಉರೀತಿದೆ. ವಾಲ್ವ್ ಸೀಲೋ ಟರ್ಬೊ ಸೀಲೋ ರಿಂಗೋ ಅಂತ ಆಮೇಲೆ ಹುಡುಕೋದು.

ಮತ್ತೆ, ಸದ್ದು ಕೇಳಿದರೂ ಆಯಿಲ್ ಲೆವೆಲ್ ನೋಡದೆ ಗಾಡಿ ಅಲ್ಲಾಡಿಸಬೇಡ. ಕಮ್ಮಿ ಇದ್ದರೆ ತುಂಬಿಸಿ, ಹತ್ತಿರದ ಗ್ಯಾರೇಜಿಗೆ ಮೆಲ್ಲಗೆ ತಗೊಂಡುಹೋಗು.

ತಿರುವಿನದಾರಿ:

ಇವತ್ತು ಬೆಳಿಗ್ಗೆ ಏಳಕ್ಕೆ ಹೋಗಿದ್ದೆ. ಬಾನೆಟ್ ತಣ್ಣಗಿತ್ತು.

ಸ್ಟಾರ್ಟ್ ಮಾಡಿದ ಕೂಡಲೇ ಬಂತು. ತಗಡಿನ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ, ನಾಲ್ಕು ಸೆಕೆಂಡ್ ಇರಬಹುದು, ಆಮೇಲೆ ತಾನಾಗೇ ನಿಂತಿತು. ಐಡಲ್ ಕೂಡ ನಡುಗ್ತಿತ್ತು. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ತೆಗೆದರೆ ತುದಿಗೂ ಆಯಿಲ್ ಅಂಟಿಲ್ಲ. ಮೇಲಿನ ಗುರುತಿಗೆ ಬರೋದಕ್ಕೆ ಒಂದೂವರೆ ಲೀಟರ್ ಹಿಡಿಸ್ತು. ಫೈಲ್ ಅಚ್ಚುಕಟ್ಟಾಗಿತ್ತು, ಒಂದು ಬಿಲ್ಲೂ ಕಳೆದಿಲ್ಲ. ಅದರಲ್ಲಿ ಎಣಿಸಿದೆ, 1,14,000 ಕಿ.ಮೀ.ಗೆ ನಾಲ್ಕೇ ಸಲ ಆಯಿಲ್ ಬದಲಾಗಿದೆ. ನೀರಿನ ಪಂಪ್ ಬದಲಾದದ್ದಕ್ಕೆ ಕಾಗದ ಇದೆ.

ಮೆಲ್ಲಗೆ ಗ್ಯಾರೇಜಿಗೆ ತಗೊಂಡುಹೋದೆವು, ಅವರೂ ಜೊತೆಗೆ ಬಂದರು, ಯಾವುದಕ್ಕೂ ಬೇಡ ಅನ್ನಲಿಲ್ಲ. ಚೈನಿನ ಅಳತೆ 68 ದಾಟಿದೆ. ಲೀಕ್‌ಡೌನ್‌ನಲ್ಲಿ ನಾಲ್ಕು ಸಿಲಿಂಡರ್ ಪೈಕಿ ಮೂರು ಶೇ. 8, 9, 9. ಮೂರನೇ ನಂಬರಿನ ಸಿಲಿಂಡರ್ ಮಾತ್ರ 24. ಮೆಕ್ಯಾನಿಕ್ ಆಯಿಲ್ ಮುಚ್ಚಳ ತೆಗೆದು ನನ್ನನ್ನು ಕರೆದು ಕಿವಿ ಇಡೋಕೆ ಹೇಳಿದರು. ಉಸ್ ಅಂತ ಸ್ಪಷ್ಟವಾಗಿ ಕೇಳಿಸ್ತು. ಅಳತೆಗೋಲು ಅಕ್ಕ, ನೀವು ಬರೆದದ್ದು ಆಗ ನೆನಪಾಯ್ತು.

ಬರೀ ಚೈನ್ ಆಗಿದ್ದರೆ ಬೆಲೆಯಲ್ಲಿ ಕಳೆದು ತಗೊಳ್ತಿದ್ದೆ. ರಿಂಗ್‌ಗೆ ಎಂಜಿನ್ ಪೂರ್ತಿ ಬಿಚ್ಚಬೇಕು, ಅಷ್ಟು ನನ್ನ ಹತ್ತಿರ ಇಲ್ಲ. ಬೇಡ ಅಂದೆ. ಹೇಳುವಾಗ ಗಂಟಲು ಕಟ್ಟಿತು.

ಇಲ್ಲಿ ನಾವೆಲ್ಲ, ನಾನೂ ಸೇರಿ, ಅವರು ಸದ್ದು ಮುಚ್ಚಿಡೋಕೆ ಬಿಸಿ ಮಾಡಿಟ್ಟಿದ್ದರು ಅಂದುಕೊಂಡದ್ದು ತಪ್ಪು. ಅವತ್ತು ಯಾಕೆ ಬಿಸಿ ಮಾಡಿಟ್ಟಿದ್ರಿ ಅಂತ ಕೇಳಿಯೇಬಿಟ್ಟೆ. "ತಣ್ಣಗಿದ್ದಾಗ ಮೊದಲ ಎರಡು ನಿಮಿಷ ಸರಿಯಾಗಿ ಎಳೆಯಲ್ಲಪ್ಪ, ದೂರದಿಂದ ಬರ್ತೀಯ, ನಿನಗೆ ತೊಂದರೆ ಆಗದಿರಲಿ ಅಂತ" ಅಂದರು. ಆ ಸದ್ದು ಅವರಿಗೆ ವರ್ಷದಿಂದ ಗೊತ್ತು, ಹಳೇ ಕಾರಿನ ಸದ್ದು ಅಂತ ಸುಮ್ಮನಿದ್ದರು. ಡಿಸ್‌ಪ್ಲೇಯಲ್ಲಿ ಬಂದಾಗಲೆಲ್ಲ ತಪ್ಪದೆ ಸರ್ವಿಸ್ ಮಾಡಿಸಿದವರು. "ಹೇಳಿದ ಹಾಗೇ ಮಾಡಿದೆನಲ್ಲ, ನನ್ನಿಂದ ಏನು ತಪ್ಪಾಯ್ತು?" ಅಂತ ಕೇಳಿದರು. ಏನು ಹೇಳಬೇಕೋ ತಿಳೀಲಿಲ್ಲ.

ಹಳೇಸ್ಪ್ಯಾನರ್:

ಒಳ್ಳೇ ಕೆಲಸ ಮಾಡಿದೆ. ಅವರ ಬಗ್ಗೆ ನಾನು ಅವಸರದಲ್ಲಿ ಬರೆದೆ, ಆ ಮಾತು ವಾಪಸ್ ತಗೊಳ್ತೀನಿ. ಅವರಿಗೆ ಹೇಳು, ತಪ್ಪು ಅವರದ್ದಲ್ಲ. ಸರ್ವಿಸುಗಳ ಮಧ್ಯೆ ಡಿಪ್‌ಸ್ಟಿಕ್ ನೋಡಬೇಕು ಅಂತ ಯಾರೂ ಹೇಳಿಕೊಡದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು?

ಆ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡೋದು ಬೇಡ. ಮೊದಲು ಚೈನ್, ಗೈಡ್, ಟೆನ್ಷನರ್ ಹಾಕಿಸಲಿ. ಸಂಪ್ ಇಳಿಸಿ ಜರಡಿ ಕ್ಲೀನ್ ಮಾಡಿಸೋದನ್ನು ಬಿಡಬಾರದು. ಮೂರನೇ ಸಿಲಿಂಡರ್ ಇವತ್ತೇ ನಿಲ್ಲಲ್ಲ. ವಾರವಾರ ಆಯಿಲ್ ನೋಡಿ ತುಂಬಿಸಿಕೊಂಡು, ಜೋರು ಮಾಡದೆ ಓಡಿಸಿದರೆ ಇನ್ನೂ ಕೆಲವು ಕಾಲ ಓಡುತ್ತೆ.

ಅಳತೆಗೋಲು:

ನೀವು ಬೇಡ ಅಂದದ್ದಕ್ಕೆ ನನಗೂ ಬೇಸರ ಆಯ್ತು, ನಿಜವಾಗಿ. ಆದರೆ 24 ಅಂಥ ಸಂಖ್ಯೆಯೇ. ಎನ್18 ನೋಡಲು ಹೋದರೂ ಇದೇ ಕ್ರಮದಲ್ಲಿ ನೋಡಿ, ತಣ್ಣಗೆ ಸ್ಟಾರ್ಟ್, ಡಿಪ್‌ಸ್ಟಿಕ್, ಫೈಲ್, ಲೀಕ್‌ಡೌನ್. ಚೈನ್ ತೊಂದರೆ ಅದರಲ್ಲಿ ಪೂರ್ತಿ ಇಲ್ಲ ಅಂತೇನಿಲ್ಲ.

ತಿರುವಿನದಾರಿ:

ಹಳೇಸ್ಪ್ಯಾನರ್ ಅಣ್ಣ, ನೀವು ಬರೆದದ್ದನ್ನು ಅವರಿಗೆ ಫೋನ್‌ನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾರೋದು ಸದ್ಯಕ್ಕೆ ಬೇಡ, ಚೈನ್ ಹಾಕಿಸಿ ನಾನೇ ಇಟ್ಟುಕೊಳ್ತೀನಿ ಅಂದರು. ಕಾರು ಆ ಗ್ಯಾರೇಜಿನಲ್ಲೇ ಇದೆ. ಶನಿವಾರ ಬಿಚ್ತಾರೆ, ಬಂದು ನೋಡ್ತೀಯಾ ಅಂತ ನನ್ನನ್ನೂ ಕರೆದಿದ್ದಾರೆ. ಹೋಗ್ತಿದ್ದೀನಿ. ಸಂಪ್‌ನಲ್ಲಿ ಗೈಡ್‌ನ ತುಂಡು ಸಿಕ್ಕರೆ ಫೋಟೊ ಹಾಕ್ತೀನಿ.